ರಾಕಮ್ ಅವರ ಮರವನ್ನು ನಕಲು ಮಾಡಿ ಕಲಿತದ್ದು

ಮಕ್ಕಳ ಪುಸ್ತಕಗಳಿಗೆ ಚಿತ್ರ ಬರೆಯುವ ನಾನು, ಯಕ್ಷಿಣಿಯರ ಕಥೆ ಕೈಗೆ ಬಂದಾಗಲೆಲ್ಲ ಗಾಢ ಬಣ್ಣಗಳ ಮೊರೆ ಹೋಗುತ್ತಿದ್ದೆ. ಇಂಗ್ಲೆಂಡಿನ ಪುಸ್ತಕ ಚಿತ್ರಕಾರ ಆರ್ಥರ್ ರಾಕಮ್ (1867–1939) ಅವರ, ಮುಖವಿರುವ ಮರ ಮತ್ತು ಯಕ್ಷಿಣಿಯ ಚಿತ್ರವೊಂದನ್ನು ಎದುರಿಗಿಟ್ಟುಕೊಂಡು ನಕಲು ಮಾಡಲು ಕುಳಿತ ಮೇಲೆ ಆ ರೂಢಿ ತಪ್ಪಿತು. ಅವರ ಚಿತ್ರಗಳ ಕಂದು ಛಾಯೆಯು ಕಾಗದ ಹಳತಾಗಿ ಮಾಸಿದ್ದರಿಂದ ಬಂದದ್ದೆಂದೇ ನಾನು ಬಹುಕಾಲ ನಂಬಿದ್ದೆ. ನಿಜವಾಗಿ ಅದು ಅವರು ಬೇಕೆಂದೇ ಹಾಕಿದ ಬಣ್ಣ.

ಮೃದುವಾದ ಪೆನ್ಸಿಲಿನಲ್ಲಿ ಆಕಾರಗಳನ್ನು ಗುರುತಿಸಿ, ಅದರ ಮೇಲೆ ಇಂಡಿಯನ್ ಇಂಕ್ ಎಂಬ, ಒಣಗಿದ ಮೇಲೆ ನೀರಿಗೆ ಕರಗದ ಕಪ್ಪು ಶಾಯಿಯಲ್ಲಿ ರೇಖೆಗಳನ್ನು ಎಳೆದು, ಪೆನ್ಸಿಲಿನ ಗುರುತನ್ನೆಲ್ಲ ಅಳಿಸಿದ ಬಳಿಕವೇ ಅವರು ತೆಳುವಾದ ಜಲವರ್ಣವನ್ನು ಪದರ ಪದರವಾಗಿ ಹಚ್ಚುತ್ತಿದ್ದರು. ನಾನು ಮೊದಲ ಹಾಳೆಗೆ ಸಾಮಾನ್ಯ ಪೆನ್ನಿನ ಶಾಯಿ ಬಳಸಿದೆ. ನೀರು ತಾಕಿದೊಡನೆ ಮರದ ಮುಖ ಕದಡಿಹೋಯಿತು. ಎರಡನೆಯ ಸಲ ನೀರಿಗೆ ಕರಗದ ಶಾಯಿಯಲ್ಲಿ ಬರೆದು, ರಾತ್ರಿಯಿಡೀ ಒಣಗಲು ಬಿಟ್ಟೆ. ಬೆರಳುಗಳಂತೆ ನೆಲವನ್ನು ಹಿಡಿದಿರುವ ಬೇರುಗಳನ್ನು ಬರೆಯುವಾಗ, ಗಂಟಿರುವಲ್ಲಿ ನಿಬ್ಬನ್ನು ಒತ್ತಿ, ತುದಿಗೆ ಬರುತ್ತ ಸಡಿಲಿಸಿದರೆ ಮಾತ್ರ ರೇಖೆಗೆ ಜೀವ ಬರುತ್ತದೆ ಎಂಬುದು ಆ ಹಾಳೆಯಲ್ಲಿ ಅರಿವಾಯಿತು.

ಬಳಿಕ ಹಾಲು ಬೆರೆಸದ ತೆಳು ಚಹಾದಂಥ ಕಂದು ಬಣ್ಣವನ್ನು ಹಾಳೆಯ ತುಂಬ ಹರಿಸಿ, ಯಕ್ಷಿಣಿಯ ರೆಕ್ಕೆ ಇರುವಲ್ಲಿ ಅದು ಹಸಿಯಿರುವಾಗಲೇ ಹತ್ತಿಬಟ್ಟೆಯಿಂದ ಒತ್ತಿ ತೆಗೆದೆ. ಕಾಗದದ ಬಿಳುಪೇ ರೆಕ್ಕೆಯ ಹೊಳಪಾಯಿತು. ಒಂದು ಪದರ ಪೂರ್ತಿ ಒಣಗುವ ಮೊದಲೇ ಇನ್ನೊಂದನ್ನು ಹಚ್ಚಿದ ಕಡೆಯೆಲ್ಲ ಬಣ್ಣ ಕೆಸರಾಯಿತು.

ಈ ಕ್ರಮಕ್ಕೆ ಮುದ್ರಣದ ಸಂಬಂಧವೂ ಇದೆ. ಆಗಿನ ಮೂರು ಬಣ್ಣದ ಮುದ್ರಣಕ್ಕೆ ನುಣುಪಾದ ಲೇಪನವಿರುವ ಕಾಗದ ಬೇಕಾಗಿದ್ದುದರಿಂದ, ವರ್ಣಚಿತ್ರಗಳನ್ನು ಬೇರೆಯಾಗಿ ಅಚ್ಚು ಹಾಕಿ, ಪುಸ್ತಕದ ದಪ್ಪ ಹಾಳೆಗಳಿಗೆ ಅಂಟಿಸುತ್ತಿದ್ದರು. 1906ರ ‘ಪೀಟರ್ ಪ್ಯಾನ್ ಇನ್ ಕೆನ್ಸಿಂಗ್ಟನ್ ಗಾರ್ಡನ್ಸ್’ ಪುಸ್ತಕದಲ್ಲಿ ರಾಕಮ್ ಅವರ ಅಂಥ 50 ಚಿತ್ರಗಳಿವೆ. ಅಚ್ಚಿನಲ್ಲಿ ಬಣ್ಣ ಸ್ವಲ್ಪ ಮಂಕಾದರೂ ಶಾಯಿಯ ರೇಖೆ ಆಕಾರವನ್ನು ಬಿಟ್ಟುಕೊಡುವುದಿಲ್ಲ. ರಾಕಮ್ ಅವರ ಚಿತ್ರಗಳು ಪುಸ್ತಕದಲ್ಲಿ ಅಷ್ಟು ಗಟ್ಟಿಯಾಗಿ ನಿಲ್ಲಲು ಇದೇ ಮುಖ್ಯ ಕಾರಣವೆಂದು ನನ್ನ ಎಣಿಕೆ.

ಮೂರನೆಯ ಹಾಳೆಯಲ್ಲಿ ರೆಕ್ಕೆಯೂ ಬೇರೂ ಸರಿಯಾಗಿ ಬಂದವು. ಬೇರುಗಳ ಸಂದಿನಿಂದ ಇಣುಕುವ ಕುಳ್ಳನ ಮುಖ ಮಾತ್ರ ಇನ್ನೂ ಕೈಗೆ ಹತ್ತಿಲ್ಲ. ನಾಲ್ಕನೆಯ ಹಾಳೆಯನ್ನು ನೆನೆಸಿ, ಹಲಗೆಗೆ ನಾಲ್ಕೂ ಕಡೆ ಅಂಟುಪಟ್ಟಿ ಹಚ್ಚಿ ಒಣಗಲು ಇಟ್ಟಿದ್ದೇನೆ.