ಹಳೇ ಪಕ್ಕಾಸಿನಿಂದ ಹೊಸ ಬ್ಯಾಂಜೋ: ಮನೆಯಲ್ಲೇ ಕಟ್ಟುವುದು ಹೇಗೆ?

ಬ್ಯಾಂಜೋ ಅಂದ ಕೂಡಲೇ ನಮ್ಮ ಕಡೆ ಹೆಚ್ಚಿನವರಿಗೆ ನೆನಪಾಗುವುದು ಟೈಪ್‌ರೈಟರ್ ಹಾಗೆ ಗುಂಡಿ ಒತ್ತಿ ನುಡಿಸುವ ಬುಲ್‌ಬುಲ್ ತರಂಗ್. ಅದು ಬೇರೆಯೇ ವಾದ್ಯ, ಜಪಾನಿನಲ್ಲಿ 1912ರಲ್ಲಿ ಹುಟ್ಟಿದ ತೈಶೋಗೋತೊದ ವಂಶದ್ದು. ನಾನು ಇಲ್ಲಿ ಹೇಳುತ್ತಿರುವುದು ದುಂಡು ಮೈ, ಉದ್ದ ಕುತ್ತಿಗೆ, ಐದು ತಂತಿಯ ಅಮೆರಿಕನ್ ಬ್ಯಾಂಜೋ ಬಗ್ಗೆ. ಅಮೆರಿಕನ್ ಅಂತ ಹೆಸರಷ್ಟೇ. ಗುಲಾಮರಾಗಿ ಸಾಗಿಸಲ್ಪಟ್ಟ ಆಫ್ರಿಕಾದ ಜನ ತಮ್ಮ ಊರಿನ ಸೋರೆಬುರುಡೆ ವಾದ್ಯಗಳ ನೆನಪಿನಲ್ಲಿ ಕಟ್ಟಿಕೊಂಡದ್ದು ಅದು. ಪಶ್ಚಿಮ ಆಫ್ರಿಕಾದ ಅಕೊಂಟಿಂಗ್ ಇವತ್ತಿಗೂ ಬುರುಡೆಗೆ ಚರ್ಮ ಹೊದೆಸಿದ್ದೇ. ಬ್ಯಾಂಜೋದ ಹಾಗೆ ಅದಕ್ಕೂ ಒಂದು ಗಿಡ್ಡ ತಂತಿ ಇದೆ.

ಗಿಟಾರ್ ಬಿಟ್ಟು ಬ್ಯಾಂಜೋ ಯಾಕೆ ಅಂತ ಕೇಳಬಹುದು. ಮಂಗಳೂರಿನಲ್ಲಿ ಗಿಟಾರ್ ನುಡಿಸುವವರಿಗೆ ಬರವಿಲ್ಲ, ಕಟ್ಟಬೇಕು ಅಂತ ಆಸೆಪಡುವವರೂ ಇದ್ದಾರೆ. ಆದರೆ ಗಿಟಾರಿನ ಮೇಲ್ಹಲಗೆ ಬರೇ ಎರಡೂವರೆಯಿಂದ ಮೂರು ಮಿಲಿಮೀಟರ್ ದಪ್ಪ. ಅದರ ಮೇಲೆ ಆರು ಸ್ಟೀಲ್ ತಂತಿಗಳ ಎಳೆತ ಹತ್ತಿರ ಹತ್ತಿರ 70 ಕಿಲೋ. ಪಕ್ಕದ ಹಲಗೆಯನ್ನು ಕಾದ ಕೊಳವೆಗೆ ಒತ್ತಿ ಬಗ್ಗಿಸಬೇಕು. ಮೊದಲ ಸಲವೇ ಇದಕ್ಕೆ ಕೈ ಹಾಕಿದರೆ ಒಂದೆರಡು ಹಲಗೆ ಒಲೆಗೆ ಹೋಗುವುದು ಖಂಡಿತ. ಬ್ಯಾಂಜೋದಲ್ಲಿ ಮೇಲ್ಹಲಗೆಯ ಕೆಲಸವನ್ನು ಚರ್ಮ ಮಾಡುತ್ತದೆ. ಹಾಗಾಗಿ ಕುತ್ತಿಗೆ ಮಾಡುವುದನ್ನೂ ಫ್ರೆಟ್ (ಸ್ವರದ ಜಾಗಕ್ಕೆ ಕುತ್ತಿಗೆಗೆ ಅಡ್ಡ ಹೊಡೆಯುವ ಲೋಹದ ಪಟ್ಟಿ) ಕೂರಿಸುವುದನ್ನೂ ಇದರಲ್ಲಿ ಕಲಿತು, ಆಮೇಲೆ ಗಿಟಾರಿಗೆ ಹೋಗಬಹುದು.

ಮರ: ಒಣಗಿದೆಯಾ, ಅದೇ ಮೊದಲ ಪ್ರಶ್ನೆ

ಉಪಕರಣ, ಅಂಟು, ತಂತಿ ಎಲ್ಲ ಆಮೇಲೆ. ಕರಾವಳಿಯಲ್ಲಿ ವಾದ್ಯ ಕಟ್ಟುವುದು ಅಂದರೆ ಗಾಳಿಯ ತೇವದ ಜೊತೆ ರಾಜಿ ಮಾಡಿಕೊಳ್ಳುವುದು. ಗಾಳಿಯ ತೇವಾಂಶ ಶೇ 50 ಇದ್ದರೆ ಮರ ತನ್ನೊಳಗೆ ಸುಮಾರು ಶೇ 9ರಷ್ಟು ನೀರು ಹಿಡಿದುಕೊಳ್ಳುತ್ತದೆ. ಗಾಳಿಯಲ್ಲಿ ಶೇ 90 ಆದರೆ ಮರದೊಳಗೆ ಹತ್ತಿರ ಹತ್ತಿರ ಶೇ 20. ಅಷ್ಟೂ ದಿನ ಮರ ಅಡ್ಡಕ್ಕೆ ಉಬ್ಬುತ್ತದೆ, ಇಳಿಯುತ್ತದೆ. ಉದ್ದಕ್ಕೆ ಹೆಚ್ಚುಕಡಿಮೆ ಅಲುಗುವುದೇ ಇಲ್ಲ.

ನನ್ನ ಸಲಹೆ, ಸಾಮಿಲ್ಲಿನ ಹೊಸ ಮರಕ್ಕೆ ಹೋಗಬೇಡಿ. ಹಂಚಿನ ಮನೆ ಕೆಡವಿದಲ್ಲಿ ಪಕ್ಕಾಸು (ಮಾಡಿನ ಹಂಚು ಹೊರುವ ಮರ), ಬಾಗಿಲ ದಾರಂದ ಮಾರಾಟಕ್ಕೆ ಸಿಗುತ್ತವೆ. ಐವತ್ತು ಅರವತ್ತು ಮಳೆಗಾಲ ನೋಡಿದ ಮರ ಅದು, ಇನ್ನು ತಿರುಚುವುದು ಕಡಿಮೆ. ಹಲಸು ಸಿಕ್ಕಿದರೆ ಬಿಡಬೇಡಿ. ವೀಣೆಗೂ ಮೃದಂಗಕ್ಕೂ ಆಗಿಬಂದ ಮರ. ಕುತ್ತಿಗೆಗೆ ತೇಗ ಸಾಕು. ಕಿರಾಲುಬೋಗಿ ಮಾತ್ರ ಬೇಡ. ಮನೆಗೆ ಒಳ್ಳೆಯದೇ, ಆದರೆ ಕೊರಳಿಗೆ ನೇತುಹಾಕುವ ವಾದ್ಯಕ್ಕೆ ಭಾರ ಜಾಸ್ತಿ, ಉಳಿಯ ಮೊನೆಯನ್ನೂ ತಿನ್ನುತ್ತದೆ. ಫಿಂಗರ್‌ಬೋರ್ಡಿಗೆ, ಅಂದರೆ ಕುತ್ತಿಗೆಯ ಮೇಲೆ ಬೆರಳೊತ್ತುವ ಪಟ್ಟಿಗೆ, ಬೀಟೆ ಬೇಕು. ಅದರ ಸಾಗಾಟಕ್ಕೆ ಅರಣ್ಯ ಇಲಾಖೆಯ ಕಾನೂನಿದೆ, ಬಿಲ್ ಇಲ್ಲದ್ದು ತರಬೇಡಿ. ಮುರಿದ ಹಳೇ ಮಂಚದ ಒಂದು ಪಟ್ಟಿ ಧಾರಾಳ ಸಾಕು.

ಕೊಯ್ಯುವ ಮೊದಲು ಆಯಸ್ಕಾಂತ ಓಡಿಸಿ. ಹಳೇ ಮರದೊಳಗೆ ತಲೆ ಮುರಿದ ಮೊಳೆ ಇದ್ದೇ ಇರುತ್ತದೆ. ಕೊಯ್ದ ತುಂಡುಗಳನ್ನು ಅಡುಗೆಮನೆಯ ಡಿಜಿಟಲ್ ತಕ್ಕಡಿಯಲ್ಲಿಟ್ಟು ಮೇಲೆ ಪೆನ್ಸಿಲಿನಲ್ಲಿ ತೂಕ ಬರೆದಿಡಿ. ವಾರಕ್ಕೊಮ್ಮೆ ತೂಗಿ. ತೂಕ ಇಳಿಯುವುದು ನಿಂತ ಮೇಲೆ ಮಾತ್ರ ಮುಂದಿನ ಕೆಲಸ. ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ಒಳ್ಳೆಯ ಕಾಲ. ಆಟಿಯಲ್ಲಿ, ಅಂದರೆ ಜುಲೈ-ಆಗಸ್ಟಿನ ಮಳೆಯಲ್ಲಿ, ಅಂಟು ಮುಟ್ಟಬೇಡಿ.

ಬಳೆ: 32 ತುಂಡು, ಒಂದು ದುಂಡು

ಬ್ಯಾಂಜೋದ ದುಂಡು ಚೌಕಟ್ಟನ್ನು ನಾನು ಬಳೆ ಅಂತಲೇ ಕರೆಯುತ್ತೇನೆ. ಸಾಮಾನ್ಯ ಅಳತೆ 11 ಇಂಚು, ಅಂದರೆ ಸುಮಾರು 279 ಮಿಲಿಮೀಟರ್. ಮರವನ್ನು ಹಬೆಯಲ್ಲಿ ಬಗ್ಗಿಸಿಯೂ ಮಾಡುತ್ತಾರೆ. ಮನೆಯಲ್ಲಿ ಸುಲಭದ್ದು ತುಂಡು ಜೋಡಿಸುವ ದಾರಿ.

18 ಮಿಮೀ ದಪ್ಪ, 40 ಮಿಮೀ ಅಗಲದ ಪಟ್ಟಿಯಿಂದ ಹೊರ ಅಂಚು 120 ಮಿಮೀ ಬರುವಂತೆ ತುಂಡು ಮಾಡಿ. ಎರಡೂ ತುದಿ ಇಪ್ಪತ್ತೆರಡೂವರೆ ಡಿಗ್ರಿ ಓರೆ. ಎಂಟು ತುಂಡು ಸೇರಿದರೆ ಒಂದು ಸುತ್ತು, ಅಂಥ ನಾಲ್ಕು ಸುತ್ತು ಬೇಕು. ಒಂದೊಂದು ತುದಿಯಲ್ಲಿ ಕಾಲು ಡಿಗ್ರಿ ತಪ್ಪಿದರೂ 16 ತುದಿಗೆ 4 ಡಿಗ್ರಿ ಆಗಿ ಕೊನೆಯ ಸಂದು ಬಾಯಿ ಬಿಡುತ್ತದೆ. ನನ್ನ ಮೊದಲ ಸುತ್ತು ಹಾಗೇ ಆಯಿತು. ಅಂಟು ತುಂಬಿಸಿ ಮುಚ್ಚಲು ಹೊರಟಾಗ ಪಕ್ಕದ ಮನೆಗೆ ಮರದ ಕೆಲಸಕ್ಕೆ ಬಂದಿದ್ದ ಆಚಾರ್ರು ನೋಡಿದರು.

“ಎಂಥದು ಮಾರಾಯ್ರೆ, ಚೆಂಡೆಯಾ?”

“ಅಲ್ಲ ಆಚಾರ್ರೆ, ಬ್ಯಾಂಜೋ.”

“ಎಂಥದಾದ್ರೂ ಆಗ್ಲಿ. ಎಂಟನ್ನೂ ಒಟ್ಟಿಗೆ ಅಂಟಿಸ್ಬೇಡಿ. ನಾಲ್ಕು ನಾಲ್ಕು ಮಾಡಿ, ಅರ್ಧ ಅರ್ಧ.”

ಅವರು ಹೇಳಿದ್ದು ಇಷ್ಟೇ. ನಾಲ್ಕು ತುಂಡಿನ ಎರಡು ಅರ್ಧಚಂದ್ರ ಮಾಡಿ. ಅಂಟು ಒಣಗಿದ ಮೇಲೆ ದಪ್ಪ ಗಾಜಿನ ಮೇಲೆ ಸ್ಯಾಂಡ್‌ಪೇಪರ್ ಹಾಸಿ, ಅರ್ಧಚಂದ್ರದ ಎರಡೂ ತುದಿ ಒಟ್ಟಿಗೆ ತಾಗುವಂತೆ ಉಜ್ಜಿ. ತಪ್ಪೆಲ್ಲ ಅಲ್ಲೇ ತೇದು ಹೋಗುತ್ತದೆ. ಆಮೇಲೆ ಎರಡನ್ನೂ ಸೇರಿಸಿ. ಬಿಗಿಯಲು ಸೈಕಲ್ ಟ್ಯೂಬನ್ನು ಉದ್ದಕ್ಕೆ ಸೀಳಿ ಸುತ್ತಿ. ಯಾವ ಕ್ಲಾಂಪೂ ಅಷ್ಟು ಸಮನಾಗಿ ಒತ್ತುವುದಿಲ್ಲ.

ನಾಲ್ಕು ಸುತ್ತನ್ನು ಒಂದರ ಮೇಲೊಂದು ಇಡುವಾಗ ಕೆಂಪುಕಲ್ಲಿನ ಗೋಡೆಯ ಲೆಕ್ಕ: ಕೆಳಗಿನ ಸಂದಿನ ಮೇಲೆ ಮೇಲಿನ ತುಂಡಿನ ನಡು ಬರಬೇಕು. ಮೂರು ದಿನ ಬಿಟ್ಟು ಲೇತ್ ಇರುವವರಲ್ಲಿ ಕೊಂಡುಹೋಗಿ ಒಳಗೂ ಹೊರಗೂ ದುಂಡಗೆ ಕಡೆಸಿ. ಗೋಡೆಯ ದಪ್ಪ 18 ಮಿಮೀ ಉಳಿಯಲಿ. ಒಂದು ಎಚ್ಚರಿಕೆ: ಚರ್ಮದ ಬದಲು ಪ್ಲಾಸ್ಟಿಕ್ ಹೆಡ್ ಹಾಕುವುದಾದರೆ ಅದನ್ನು ಮೊದಲೇ ತರಿಸಿ ಲೇತಿನವರ ಕೈಗೆ ಕೊಡಿ. ಹೆಡ್ಡಿನ ರಿಂಗು ಬಳೆಯ ಮೇಲೆ ಸಲೀಸಾಗಿ ಇಳಿಯಬೇಕು, ಬಿಗಿಯಾಗಬಾರದು.

ಕುತ್ತಿಗೆ ಮತ್ತು ಫ್ರೆಟ್

ಎರಡು ತೇಗದ ಪಟ್ಟಿಯ ನಡುವೆ ಒಂದು ತೆಳು ಬೀಟೆ ಪಟ್ಟಿ ಇಟ್ಟು ಅಂಟಿಸಿದರೆ ಕುತ್ತಿಗೆ ಬಾಗುವುದು ಕಡಿಮೆ. ತಲೆಯ ಕಡೆ ಅಗಲ 32 ಮಿಮೀ. ಹಿಂಬದಿಯನ್ನು ಅರದಿಂದ ಉಜ್ಜುತ್ತಾ ನಿಮ್ಮ ಅಂಗೈಗೆ ಹಿತವಾದಲ್ಲಿ ನಿಲ್ಲಿಸಿ. ಅದಕ್ಕೆ ಅಳತೆ ಹೇಳಲು ನನ್ನಿಂದಾಗದು.

ಫ್ರೆಟ್‌ಗೆ ಮಾತ್ರ ಅಳತೆಯೇ ಎಲ್ಲ. ತಂತಿಯ ಉದ್ದ 660 ಮಿಮೀ ಅಂತ ಇಟ್ಟುಕೊಳ್ಳಿ. ಅದನ್ನು 17.817ರಿಂದ ಭಾಗಿಸಿದರೆ 37.04. ಕುತ್ತಿಗೆ ತಲೆಗೆ ಸೇರುವ ಜಾಗದಿಂದ ಅಷ್ಟು ಮಿಮೀಗೆ ಮೊದಲ ಫ್ರೆಟ್. ಉಳಿದದ್ದನ್ನು ಮತ್ತೆ ಅದೇ ಸಂಖ್ಯೆಯಿಂದ ಭಾಗಿಸಿದರೆ 34.96, ಮೊದಲನೆಯದರಿಂದ ಅಷ್ಟು ದೂರಕ್ಕೆ ಎರಡನೆಯದು. ಮೂರನೆಯದಕ್ಕೆ 33. ಹೀಗೇ ಹೋದರೆ 12ನೇ ಫ್ರೆಟ್ ಸರಿಯಾಗಿ ಅರ್ಧಕ್ಕೆ, 330ಕ್ಕೆ ಬರಬೇಕು. ಬರದಿದ್ದರೆ ಲೆಕ್ಕ ಎಲ್ಲೋ ತಪ್ಪಿದೆ. ಗುರುತು ಹಾಕುವಾಗ ಮಾತ್ರ ಇವನ್ನು ಕೂಡಿಸುತ್ತಾ, ಪ್ರತಿ ಸಲವೂ ಕುತ್ತಿಗೆ ತಲೆಗೆ ಸೇರುವಲ್ಲಿಂದಲೇ ಅಳೆಯಿರಿ. ಹಿಂದಿನ ಗೆರೆಯಿಂದ ಅಳೆದರೆ ಪೆನ್ಸಿಲ್ ಮೊನೆಯ ತಪ್ಪೆಲ್ಲ ಒಟ್ಟಾಗುತ್ತದೆ.

ಫ್ರೆಟ್ ಕೂರುವ ಸೀಳು ಸುಮಾರು 0.6 ಮಿಮೀ ಇರಬೇಕು. ಅದಕ್ಕೆಂದೇ ಗರಗಸ ಸಿಗುತ್ತದೆ, ಬೆಲೆ ಜಾಸ್ತಿ. ಹ್ಯಾಕ್ಸಾ ಬ್ಲೇಡಿನ ಹಲ್ಲು ಎರಡೂ ಬದಿಗೆ ಸ್ವಲ್ಪ ಹೊರಚಾಚಿರುತ್ತದಲ್ವಾ, ಅದನ್ನು ಸಾಣೆಕಲ್ಲಿಗೆ ಮಲಗಿಸಿ ತೇದುಬಿಡಿ. ಹೆಚ್ಚುಕಡಿಮೆ ಅದೇ ಅಗಲದ ಸೀಳು ಬರುತ್ತದೆ.

ಇಲ್ಲಿ ನಾನು ಪಟ್ಟ ಪಾಡು ಹೇಳಲೇಬೇಕು. ಒಮ್ಮೆ ಆಗಸ್ಟಿನಲ್ಲಿ, ಹೊರಗೆ ಜಡಿಮಳೆ, ರಜೆ ಬೇರೆ ಇತ್ತು. ಸುಮ್ನೆ ಕೂರಲಾಗದೆ ಫಿಂಗರ್‌ಬೋರ್ಡ್ ಅಂಟಿಸಿ ಫ್ರೆಟ್ ಹೊಡೆದು ತುದಿಗಳನ್ನು ನುಣ್ಣಗೆ ಉಜ್ಜಿದೆ. ಬೆರಳು ಓಡಿಸಿದರೆ ಬೆಣ್ಣೆ. ಜನವರಿಯಲ್ಲಿ ತೆಗೆದು ನುಡಿಸಿದರೆ ಎಡಗೈ ಹೆಬ್ಬೆರಳಿನ ಬುಡ ಕೆಂಪಾಯಿತು. ಮರ ಒಣಗಿ ಕೂದಲೆಳೆಯಷ್ಟು ಕುಗ್ಗಿತ್ತು, ಲೋಹ ಕುಗ್ಗಿರಲಿಲ್ಲ. ಎರಡೂ ಅಂಚಿನಲ್ಲಿ ಫ್ರೆಟ್ ತುದಿ ಗರಗಸದ ಹಲ್ಲಿನ ಹಾಗೆ ಎದ್ದಿತ್ತು. ಎಲ್ಲವನ್ನೂ ಮತ್ತೆ ಅರ ಹಾಕಿ ಉಜ್ಜಬೇಕಾಯಿತು.

ಐದನೇ ತಂತಿ ಗಿಡ್ಡದು. ಅದರ ಬಿರಡೆ ಐದನೇ ಫ್ರೆಟ್ ಹತ್ತಿರ, ತಲೆಯಿಂದ ಸುಮಾರು 165 ಮಿಮೀ ದೂರದಲ್ಲಿ, ಕುತ್ತಿಗೆಯ ಬದಿಗೆ ಬರುತ್ತದೆ. ವೀಣೆಯಲ್ಲಿದ್ದಂತೆ ಮರದ ಬಿರಡೆ ಚೆಂದ ಕಾಣುತ್ತದೆ, ಆದರೆ ಮಳೆಗಾಲದಲ್ಲಿ ಕಚ್ಚಿಕೊಂಡು ತಿರುಗುವುದಿಲ್ಲ. ಗಿಯರ್ ಇರುವುದನ್ನೇ ತರಿಸಿ.

ಚರ್ಮ, ಕೊಕ್ಕೆ, ಕುದುರೆ

ಆಡಿನ ಚರ್ಮದ ನಾದ ಮೆದು, ನನಗೆ ಅದೇ ಇಷ್ಟ. ಮದ್ದಳೆ ನುಡಿಸುವವರನ್ನು ಕೇಳಿ ನೋಡಿ, ಜೂನ್ ಬಂತೆಂದರೆ ಚರ್ಮ ಹೇಗೆ ಇಳಿಯುತ್ತದೆ ಅಂತ ಅವರೇ ಹೇಳುತ್ತಾರೆ. 1950ರ ದಶಕದ ಕೊನೆಯಲ್ಲಿ ಪ್ಲಾಸ್ಟಿಕ್ ಹೆಡ್ ಬಂದ ಮೇಲೆ ಹೆಚ್ಚಿನವರು ಅದಕ್ಕೇ ಹೋದರು. ಮೊದಲ ವಾದ್ಯಕ್ಕೆ ನೀವೂ ಅದನ್ನೇ ಹಾಕಿ. ಚರ್ಮವನ್ನು ಸುತ್ತಲೂ ಮೊಳೆ ಹೊಡೆದು ಕೂರಿಸುವ ಹಳೇ ಪದ್ಧತಿಯೊಂದಿದೆ. ಒಣ ಊರಿಗೆ ಸರಿ. ನಮ್ಮಲ್ಲಿ ಬಿಗಿ ಮಾಡುವ ದಾರಿ ಬೇಕೇ ಬೇಕು, ಹಾಗಾಗಿ ಸುತ್ತಲೂ 16 ಕೊಕ್ಕೆ. ಈ ಕೊಕ್ಕೆಗಳು ಕೆಳಕ್ಕೆಳೆದು ಹೆಡ್ಡನ್ನು ಬಿಗಿಯುವ ಮೇಲಿನ ಲೋಹದ ಬಳೆಯನ್ನು ಗೇಟು ಗ್ರಿಲ್ಲು ಮಾಡುವ ವೆಲ್ಡಿಂಗ್ ಶಾಪಿನಲ್ಲಿ ಮಾಡಿಸಬಹುದು. ಸ್ಟೇನ್‌ಲೆಸ್ ಸ್ಟೀಲ್ ಅಥವಾ ಹಿತ್ತಾಳೆಯೇ ಆಗಲಿ. ಸಮುದ್ರದ ಉಪ್ಪುಗಾಳಿಗೆ ಮಾಮೂಲಿ ಕಬ್ಬಿಣ ಎರಡು ಮಳೆಗಾಲ ಬಾಳುವುದು ಕಷ್ಟ. ಕೊಕ್ಕೆ ಬಿಗಿಯುವಾಗ ಒಂದರ ನಂತರ ಅದರ ಎದುರಿನದ್ದು, ಕಾರಿನ ಟಯರ್ ಬೋಲ್ಟ್ ಹಾಕುವ ಹಾಗೆ.

ಜೋಡಿಸುವ ಮೊದಲು ಮರದ ಬಳೆಯ ಒಳಗೂ ಹೊರಗೂ ಪಾಲಿಶ್ ಕೊಡಿ. ಒಳಗೆ ಯಾರು ನೋಡುತ್ತಾರೆ ಅಂತ ಬಿಟ್ಟರೆ ತೇವ ಅಲ್ಲಿಂದಲೇ ನುಗ್ಗುತ್ತದೆ. ಮೋಡದ ದಿನ ಫ್ರೆಂಚ್ ಪಾಲಿಶ್ ಹಚ್ಚಿದರೆ ಬೂದಿ ಬಳಿದಂತೆ ಬಿಳಿಚಿಕೊಳ್ಳುತ್ತದೆ, ಬಿಸಿಲು ನೋಡಿ ಹಚ್ಚಿ.

ಕುತ್ತಿಗೆಯ ಬುಡದಿಂದ ಒಂದು ಮರದ ಕೋಲು ಬಳೆಯೊಳಗೆ ಹಾದು ಎದುರು ಗೋಡೆಗೆ ಸ್ಕ್ರೂನಿಂದ ಸೇರುತ್ತದೆ. ಕುತ್ತಿಗೆ ಸುಮಾರು 3 ಡಿಗ್ರಿ ಹಿಂದಕ್ಕೆ ವಾಲಿರಲಿ. ಇಲ್ಲದಿದ್ದರೆ ತಂತಿ ಫ್ರೆಟ್‌ಗೆ ಸಿಗದಷ್ಟು ಎತ್ತರದಲ್ಲಿ ನಿಂತು ಒತ್ತಲು ಕಷ್ಟವಾಗುತ್ತದೆ. ತಂತಿ ಹೊರುವ ಕುದುರೆಯ ಎತ್ತರ 16 ಮಿಮೀ. ಅದನ್ನು ಅಂಟಿಸಬಾರದು, ತಂತಿಯ ಒತ್ತಡಕ್ಕೇ ಅದು ನಿಲ್ಲುತ್ತದೆ. 12ನೇ ಫ್ರೆಟ್‌ನಿಂದ 330 ಮಿಮೀ ದೂರದಲ್ಲಿಟ್ಟು ಶುರುಮಾಡಿ. ತಂತಿಯನ್ನು ಬಿಡಿಯಾಗಿ ಮೀಟಿದಾಗಿನ ಸ್ವರವೂ 12ನೇ ಫ್ರೆಟ್ ಒತ್ತಿದಾಗಿನ ಸ್ವರವೂ ಹೊಂದುವವರೆಗೆ ಕೂದಲೆಳೆಯಷ್ಟು ಹಿಂದೆ ಸರಿಸಿ. ಮೊಬೈಲ್ ಟ್ಯೂನರ್ ಸಾಕು. ಸರಿಯಾದ ಜಾಗ ಸಿಕ್ಕಿದ ಮೇಲೆ ಕುದುರೆಯ ಕಾಲಿನ ಪಕ್ಕ ಪೆನ್ಸಿಲಿನಲ್ಲಿ ಸಣ್ಣ ಗುರುತು ಹಾಕಿಡಿ, ತಂತಿ ಬದಲಿಸುವಾಗ ಬೇಕಾಗುತ್ತದೆ.

ಹೊಸ ಹೆಡ್ ಮೊದಲ ವಾರ ಸಡಿಲಾಗುತ್ತಲೇ ಇರುತ್ತದೆ, ದಿನಕ್ಕೊಮ್ಮೆ ಕೊಕ್ಕೆ ನೋಡಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ವಾದ್ಯವನ್ನು ಗೋಡೆಗೆ ನೇತುಹಾಕಬೇಡಿ. ರೇಷ್ಮೆ ಸೀರೆಗೆ ಬೂಸ್ಟು ಹಿಡಿಯದಿರಲಿ ಅಂತ ಕಪಾಟಿನಲ್ಲಿ 15 ವ್ಯಾಟ್‌ನ ಹಳೇ ಬಲ್ಬ್ ಉರಿಸಿಡುವ ಮನೆಗಳಿವೆಯಲ್ಲ, ಅದೇ ಕಪಾಟಿನಲ್ಲಿ, ಬಲ್ಬಿನಿಂದ ಒಂದು ಮೊಳ ದೂರ ಜಾಗ ಕೇಳಿ. ನಮ್ಮ ಮನೆಯಲ್ಲಿ ಮೇಲಿನ ಅಂಕಣ ಸೀರೆಗೆ, ಕೆಳಗಿನದು ಬ್ಯಾಂಜೋಗೆ ಅಂತ ಒಪ್ಪಂದವಾಗಿದೆ.