ಆಸಿಲೋಸ್ಕೋಪಿನ ಫರ್ಮ್‌ವೇರ್: ಬದಲಿಸುವ ಮೊದಲು ಎತ್ತಿಡಿ

ಫ್ನಿರ್ಸಿ 1013ಡಿ ಏಳು ಇಂಚಿನ ಟಚ್‌ಸ್ಕ್ರೀನ್ ಇರುವ ಅಗ್ಗದ ಆಸಿಲೋಸ್ಕೋಪ್, ಅಂದರೆ ವಿದ್ಯುತ್ ಸಂಕೇತಗಳನ್ನು ಪರದೆಯ ಮೇಲೆ ಗೆರೆಯಾಗಿ ತೋರಿಸುವ ಉಪಕರಣ. ಇದಕ್ಕೆ ಹವ್ಯಾಸಿಯೊಬ್ಬರು ಬರೆದ ಮುಕ್ತ ಫರ್ಮ್‌ವೇರ್ (ಉಪಕರಣವನ್ನು ಒಳಗಿನಿಂದ ನಡೆಸುವ ತಂತ್ರಾಂಶ) ಇದೆ ಎಂದು ತಿಳಿದ ದಿನವೇ ಕೈ ತುರಿಸತೊಡಗುತ್ತದೆ. ಸ್ವಲ್ಪ ತಾಳಿ. ಬೇರೆ ಯಾರದೋ ಸ್ಕೋಪಿನಿಂದ ತೆಗೆದ ಫೈಲು ನಿಮ್ಮದಕ್ಕೆ ಹೊಂದುತ್ತದೆ ಎಂಬ ಖಾತರಿಯಿಲ್ಲ. ನಿಮ್ಮದರ ನಕಲು ನಿಮ್ಮ ಬಳಿಯೇ ಇರಬೇಕು.

ಇದರೊಳಗಿರುವುದು ಆಲ್‌ವಿನ್ನರ್ ಎಫ್1ಸಿ100ಎಸ್ ಚಿಪ್. ಫರ್ಮ್‌ವೇರ್ ಇರುವುದು ಅದರ ಪಕ್ಕದ 4 ಮೆಗಾಬೈಟ್ ಫ್ಲ್ಯಾಶ್ ಮೆಮೊರಿಯಲ್ಲಿ. ಆದರೆ ವಿದ್ಯುತ್ ಬಂದ ಕೂಡಲೇ ಚಿಪ್ ಮೊದಲು ಇಣುಕುವುದು ಎಸ್‌ಡಿ ಕಾರ್ಡಿನೊಳಗೆ. ಅಲ್ಲಿ ಉಪಕರಣವನ್ನು ಎಬ್ಬಿಸುವ ಬೂಟ್ ಪ್ರೋಗ್ರಾಮ್ ಸಿಗದಿದ್ದರೆ ಫ್ಲ್ಯಾಶ್. ಅಲ್ಲೂ ಇಲ್ಲದಿದ್ದರೆ ಯುಎಸ್‌ಬಿ ಮೂಲಕ ಬರುವ ಅಪ್ಪಣೆಗೆ ಕಾಯುತ್ತಾ ಕೂರುತ್ತದೆ. ಈ ಕೊನೆಯ ಸ್ಥಿತಿಯ ಹೆಸರು ಫೆಲ್. ಚಿಪ್ಪನ್ನು ನೇರವಾಗಿ ಫೆಲ್‌ಗೆ ಒಯ್ಯುವ ಪುಟ್ಟ ಪ್ರೋಗ್ರಾಮನ್ನು ಕಾರ್ಡಿನಲ್ಲಿಟ್ಟರೆ, ಫ್ಲ್ಯಾಶ್‌ನ ಒಂದು ಬೈಟನ್ನೂ ಕದಲಿಸದೆ ಎಲ್ಲವನ್ನೂ ಓದಿಕೊಳ್ಳಬಹುದು. ಅಂಥ ಪ್ರೋಗ್ರಾಮ್ ಆ ಮುಕ್ತ ಫರ್ಮ್‌ವೇರಿನ ಜೊತೆಯಲ್ಲೇ ಸಿಗುತ್ತದೆ.

ಪ್ರೋಬ್‌ಗಳನ್ನು ಕಳಚಿ, ಸ್ಕೋಪನ್ನು ಆರಿಸಿ, ಹಿಂಬದಿಯ ಕವಚ ಬಿಚ್ಚಿ. ಒಳಗೆ ಲಿಥಿಯಂ ಬ್ಯಾಟರಿ ಇದೆ. ಸ್ಕ್ರೂಡ್ರೈವರ್ ಅದಕ್ಕೆ ತಾಗದಿರಲಿ. ಮೈಕ್ರೊ ಎಸ್‌ಡಿ ಕಾರ್ಡನ್ನು ತೆಗೆದು ಪಕ್ಕಕ್ಕಿಡಿ. ಅದರ ಮೇಲೆಯೇ ಫೆಲ್ ಪ್ರೋಗ್ರಾಮನ್ನು ಬರೆಯುವವರೂ ಇದ್ದಾರೆ, ನನಗದು ಒಪ್ಪಿಗೆಯಿಲ್ಲ. ಹಳೆಯ ಫೋನಿನಿಂದ ಬಿದ್ದ ಬೇರೊಂದು ಕಾರ್ಡ್ ಸಾಕು.

ಆ ಕಾರ್ಡಿಗೆ ಬರೆಯಲು ಲಿನಕ್ಸ್ ಗಣಕ ಬೇಕು. (ಆಜ್ಞೆಗಳನ್ನು ಇಲ್ಲಿ ಕನ್ನಡದಲ್ಲಿ ಬರೆದಿದ್ದರೂ ಟರ್ಮಿನಲ್‌ನಲ್ಲಿ ಇಂಗ್ಲಿಷ್ ಅಕ್ಷರಗಳಲ್ಲೇ ಒತ್ತಬೇಕು.) ಕಾರ್ಡ್ ಹಾಕುವ ಮುಂಚೆ ಒಮ್ಮೆ, ಹಾಕಿದ ಮೇಲೆ ಒಮ್ಮೆ 'ಎಲ್‌ಎಸ್‌ಬಿಎಲ್‌ಕೆ' ಓಡಿಸಿ ಹೋಲಿಸಿದರೆ ಹೊಸದಾಗಿ ಕಾಣಿಸಿಕೊಂಡ ಸಾಧನದ ಹೆಸರು ತಿಳಿಯುತ್ತದೆ. ಅದನ್ನು ಕಾಗದದ ಮೇಲೆ ಬರೆದುಕೊಳ್ಳಿ. ಫೆಲ್ ಪ್ರೋಗ್ರಾಮನ್ನು ಕಾರ್ಡಿಗೆ ಬರೆಯುವ ಮುಂದಿನ 'ಡಿಡಿ' ಆಜ್ಞೆ ಪ್ರಶ್ನೆ ಕೇಳುವುದಿಲ್ಲ. ಒಂದಕ್ಷರ ತಪ್ಪಿದರೆ ನಿಮ್ಮ ಹಾರ್ಡ್‌ಡಿಸ್ಕಿನ ಮೇಲೆಯೇ ಬರೆದುಬಿಡುತ್ತದೆ. ಚಿಪ್ ಹುಡುಕುವುದು ಕಾರ್ಡಿನ ಆರಂಭದಿಂದ 8 ಕಿಲೋಬೈಟ್ ದಾಟಿದ ಜಾಗವನ್ನು. ಹಾಗಾಗಿ 'ಬಿಎಸ್' (ಒಂದು ತುಂಡಿನ ಗಾತ್ರ) ಬೆಲೆ 1024, 'ಸೀಕ್' (ಬಿಟ್ಟು ಮುಂದೆ ಹೋಗಬೇಕಾದ ತುಂಡುಗಳು) ಬೆಲೆ 8 ಎಂದು ಕೊಡಬೇಕು. ಬರೆಯಬೇಕಾದದ್ದು ಇಡೀ ಸಾಧನಕ್ಕೆ, ಅದರ ಪಾರ್ಟಿಷನ್ನಿಗಲ್ಲ.

ಕಾರ್ಡನ್ನು ಸ್ಕೋಪಿಗೆ ಹಾಕಿ, ಯುಎಸ್‌ಬಿ ಕೇಬಲ್ ಜೋಡಿಸಿ, ಚಾಲೂ ಮಾಡಿ. ಪರದೆ ಎಂದಿನಂತೆ ಬೆಳಗದಿದ್ದರೆ ಗಾಬರಿ ಬೇಡ. ಯುಎಸ್‌ಬಿಗೆ ಜೋಡಿಸಿದ ಸಾಧನಗಳನ್ನು ಪಟ್ಟಿಮಾಡುವ 'ಎಲ್‌ಎಸ್‌ಯುಎಸ್‌ಬಿ' ಆಜ್ಞೆಯನ್ನು ಗಣಕದಲ್ಲಿ ಕೊಟ್ಟಾಗ ಆಲ್‌ವಿನ್ನರ್ ಹೆಸರು ಬರಬೇಕು. ಹಳೆಯ ಲಿನಕ್ಸ್ ಇದನ್ನೇ 'ಒಂಡಾ ಟ್ಯಾಬ್ಲೆಟ್' ಎಂದು ತೋರಿಸುವುದುಂಟು; ಅದೂ ಸರಿಯೇ.

ಇನ್ನು ಫೆಲ್‌ನಲ್ಲಿರುವ ಚಿಪ್ಪಿಗೆ ಗಣಕದಿಂದ ಅಪ್ಪಣೆ ಕೊಡುವ 'ಸುನ್‌ಕ್ಸಿ-ಫೆಲ್' ಸಲಕರಣೆಯ ಸರದಿ. ಹಳೆಯ ಆವೃತ್ತಿಗೆ ಈ ಚಿಪ್ಪಿನ ಪರಿಚಯವಿಲ್ಲ, ಹೊಸದನ್ನೇ ಹಾಕಿಕೊಳ್ಳಿ. ಅದರ 'ಎಸ್‌ಪಿಐಫ್ಲ್ಯಾಶ್-ರೀಡ್' ಆಜ್ಞೆಗೆ ಆರಂಭದ ವಿಳಾಸ 0, ಉದ್ದ 4194304, ಕೊನೆಗೆ ಫೈಲಿನ ಹೆಸರು ಕೊಡಿ. ಮುಗಿದ ಮೇಲೆ ಇನ್ನೊಂದು ಹೆಸರಿನಲ್ಲಿ ಮತ್ತೆ ಓದಿಸಿ.

ಎರಡು ಬಾರಿ ಏಕೆ? ಸಡಿಲ ಕೇಬಲ್ಲಿನಿಂದ ಕೆಟ್ಟ ನಕಲು ಬಂದರೂ ಫೈಲಿನ ಗಾತ್ರ ಸರಿಯಾಗಿಯೇ ಇರಬಹುದು. ಫೈಲಿನೊಳಗಿನ ಬೈಟುಗಳಿಂದ ಪರೀಕ್ಷಾ ಮೊತ್ತ ಲೆಕ್ಕಹಾಕುವ 'ಎಸ್‌ಎಚ್‌ಎ256ಸಮ್' ಎರಡಕ್ಕೂ ಒಂದೇ ಮೊತ್ತ ಕೊಡಬೇಕು. ಅಷ್ಟೂ ಸಾಲದು, ಎರಡು ಖಾಲಿ ಫೈಲುಗಳೂ ಒಂದೇ ಮೊತ್ತ ಕೊಡುತ್ತವೆ! 'ಹೆಕ್ಸ್‌ಡಂಪ್ -ಸಿ'ಯಲ್ಲಿ (ಸಿ ದೊಡ್ಡಕ್ಷರ) ಫೈಲಿನ ಮೊದಲ ಸಾಲು ನೋಡಿ. ನಾಲ್ಕು ಬೈಟ್ ಬಿಟ್ಟು 'ಇಗಾನ್.ಬಿಟಿ0' ಎಂಬ ಗುರುತು ಕಂಡರೆ ಆಲ್‌ವಿನ್ನರ್ ಬೂಟ್ ಫೈಲು ಸಿಕ್ಕಿದೆ ಎಂದರ್ಥ. ಸಾಲಿನುದ್ದಕ್ಕೂ ಬರೀ 'ಎಫ್‌ಎಫ್' ಕಂಡರೆ ಏನೂ ಓದಿಲ್ಲ, ಕೇಬಲ್ ಬದಲಿಸಿ ಮತ್ತೆ ಪ್ರಯತ್ನಿಸಿ.

ಸ್ಕೋಪನ್ನು ಆರಿಸಿ, ಅದರ ಮೂಲ ಕಾರ್ಡನ್ನು ಮರಳಿ ಹಾಕಿದರೆ ಉಪಕರಣ ಮೊದಲಿನಂತೆಯೇ ಏಳುತ್ತದೆ. ಫೆಲ್ ಕಾರ್ಡನ್ನು ಲಕೋಟೆಯಲ್ಲಿಟ್ಟು ಹೆಸರು ಬರೆದಿಡಿ. ಫರ್ಮ್‌ವೇರನ್ನು ಹಿಂದಿರುಗಿಸುವ ದಿನ ಅದೇ ಬೇಕು. ಆ ದಿನ 'ರೀಡ್' ಇರುವಲ್ಲಿ 'ರೈಟ್' ಬರುತ್ತದೆ, ಉದ್ದ ಕೊಡಬೇಕಿಲ್ಲ, ವ್ಯತ್ಯಾಸ ಅಷ್ಟೇ. ಆದ್ದರಿಂದ ಟರ್ಮಿನಲ್‌ನಲ್ಲಿ ಮೇಲ್ಬಾಣದ ಕೀಲಿ ಒತ್ತಿ ಹಳೆಯ ಆಜ್ಞೆಯನ್ನು ಕರೆಯುವ ಅಭ್ಯಾಸವಿರುವವರು ಎಂಟರ್ ಒತ್ತುವ ಮುಂಚೆ ಸಾಲನ್ನು ಓದಿ.