ಅಯ್ಯನಕೆರೆ ಕಡೆ ಒಂದಿನ ಹೋಗೋದಾದ್ರೆ ಹೀಗ್ ಹೋಗಿ

ಚಿಕ್ಕಮಗಳೂರು ಅಂದ ತಕ್ಷಣ ಎಲ್ರೂ ಮುಳ್ಳಯ್ಯನಗಿರಿ, ಬಾಬಾಬುಡನ್‌ಗಿರಿ ಅಂತ ಗಾಡಿ ಹತ್ತಿಸ್ತಾರೆ, ತಪ್ಪೇನಿಲ್ಲ, ಆದ್ರೆ ಆ ಬೆಟ್ಟದ ಮೇಲೆ ಬಿದ್ದ ನೀರು ಇಳಿದು ಎಲ್ಲಿಗ್ ಹೋಗತ್ತೆ ಅಂತ ನೋಡ್ಬೇಕು ಅನ್ನಿಸಿದ್ರೆ ಒಂದಿನ ಸಖರಾಯಪಟ್ಟಣದ ಹತ್ರ ಇರೋ ಅಯ್ಯನಕೆರೆ ಕಡೆ ಬನ್ನಿ. ಸಖರಾಯಪಟ್ಟಣಕ್ಕೆ ನಮ್ ಕಡೆ ಎಲ್ರೂ ಸಕ್ರೆಪಟ್ಣ ಅಂತಾನೇ ಅನ್ನೋದು, ಬಸ್ಸಲ್ಲೂ ಹಾಗೇ ಕೇಳಿ.

ಬೆಂಗಳೂರು ಅಥವಾ ಹುಬ್ಬಳ್ಳಿಯಿಂದ ಬರೋರಿಗೆ ಟ್ರೇನಲ್ಲಿ ಕಡೂರಿಗೆ ಬಂದು ಇಳಿಯೋದು ಸುಲಭ. ಕಡೂರು-ಚಿಕ್ಕಮಗಳೂರು ರೋಡಲ್ಲಿ ಮಧ್ಯಕ್ಕೆ ಸಕ್ರೆಪಟ್ಣ ಸಿಗತ್ತೆ, ಕೆರೆ ಮೇನ್ ರೋಡಿಗೆ ಕಾಣಲ್ಲ, ಅಲ್ಲಿಂದ ಆಟೋ ಮಾಡ್ಕೊಂಡು ಬೆಟ್ಟದ ಕಡೆ ಒಳಗ್ ಹೋಗ್ಬೇಕು. ಆಟೋದವ್ರಿಗೆ ವಾಪಸ್ ಕರ್ಕೊಂಡ್ ಬರೋಕೂ ಮೊದ್ಲೇ ಹೇಳ್ಬಿಡಿ.

ಯಾವಾಗ ಹೋಗೋದು ಅನ್ನೋದೇ ಇಲ್ಲಿ ಮುಖ್ಯ. ನಾನು ಒಂದ್ಸಲ ಏಪ್ರಿಲ್‌ನಲ್ಲಿ ನೆಂಟರನ್ನ ಕರ್ಕೊಂಡ್ ಹೋಗಿ ನೀರು ದೂರ ಸರಿದಿರೋದು ನೋಡಿ ಬೇಜಾರಾಗಿತ್ತು. ಮಳೆಗಾಲ ಮುಗೀತಾ ಬಂದಾಗ, ಅಕ್ಟೋಬರ್ ನವೆಂಬರ್ ಹೊತ್ತಿಗೆ ಹೋಗಿ. ಒಳ್ಳೆ ಮಳೆ ಆದ ವರ್ಷ ಕೆರೆ ತುಂಬಿ ಕೋಡಿ ಬಿದ್ದಿರತ್ತೆ. ಬೆಳಿಗ್ಗೆ ಗಾಳಿ ಏಳೋಕೆ ಮುಂಚೆನೇ ಕೆರೆ ಏರಿ ಮೇಲೆ ಇರ್ಬೇಕು, ಆಗ ಪಕ್ಕದ ಶಕುನಗಿರಿ ಬೆಟ್ಟ ಪೂರ್ತಿ ನೀರಲ್ಲಿ ತಲೆಕೆಳಗಾಗಿ ನಿಂತಿರತ್ತೆ, ಆಮೇಲೆ ಸಣ್ಣ ಅಲೆ ಶುರುವಾಗಿ ಏರಿ ಕಲ್ಲಿಗೆ ಪಟ್ ಪಟ್ ಅಂತ ಹೊಡಿಯೋ ಸದ್ದು ಬಿಟ್ರೆ ಬೇರೇನೂ ಕೇಳ್ಸಲ್ಲ. ಏರಿ ಮೇಲೆ ನಿಂತು ಒಂದ್ಸಲ ಎರಡೂ ಕಡೆ ನೋಡಿ: ಒಂದ್ ಕಡೆ ಗಿರಿಸಾಲು, ಮೋಡ, ಇನ್ನೊಂದ್ ಕಡೆ ಕಡೂರಿನ ಬಯಲುಸೀಮೆ. ಮಲೆನಾಡು ಮುಗಿಯೋದು ಇಲ್ಲೇ ಅಂತ ಕಣ್ಣಿಗೇ ಗೊತ್ತಾಗತ್ತೆ. ಇಲ್ಲಿಂದ ಹರಿಯೋ ವೇದಾ, ಮದಗದಕೆರೆ ಕಡೆಯಿಂದ ಬರೋ ಅವತಿ ಜೊತೆ ಸೇರಿ ವೇದಾವತಿ ಆಗಿ, ಹಿರಿಯೂರಿನ ವಾಣಿವಿಲಾಸ ಸಾಗರದ ತನಕ ಹೋಗತ್ತೆ.

ಕೆರೆ ಕಟ್ಸಿದ್ದು ಸಕ್ರೆಪಟ್ಣದ ರುಕ್ಮಾಂಗದರಾಯ ಅಂತಾರೆ, ಹೊಯ್ಸಳರ ಕಾಲದಲ್ಲಿ 1156ರಲ್ಲಿ ಜೀರ್ಣೋದ್ಧಾರ ಆಯ್ತು. ಈ ಕೆರೆ ಬಗ್ಗೆ ಒಂದ್ ಕತೆ ಇದೆ, ಹೋಗೋಕೆ ಮುಂಚೆ ಮಕ್ಕಳಿಗೆ ಹೇಳಿ. ಕೆರೆ ಒಡೆಯೋ ಹಾಗೆ ತುಂಬಿದಾಗ ಗಂಗಮ್ಮ, ಕೆರೆ ನೀರು ನೋಡ್ಕೊಳ್ಳೋ ನೀರಗಂಟಿಗೆ ಕಾಣಿಸ್ಕೊಂಡು ನಾನು ಹೊರಡ್ತೀನಿ ಅಂದ್ಳಂತೆ, ಅವನು ಒಡೆಯನಿಗೆ ಹೇಳಿ ವಾಪಸ್ ಬರೋವರೆಗೂ ಇರಮ್ಮಾ ಅಂತ ಮಾತು ತಗೊಂಡು ಊರಿಗೆ ಓಡಿದ, ಒಡೆಯ ಯೋಚ್ನೆ ಮಾಡಿ ಇವನು ವಾಪಸ್ ಹೋಗದೇ ಇದ್ರೆ ತಾಯಿನೂ ಹೋಗಲ್ಲ ಅಂತ ಅವನನ್ನ ಅಲ್ಲೇ ಕೊಲ್ಲಿಸಿಬಿಟ್ಟ. ನಂಗಂತೂ ಏರಿ ಮೇಲೆ ನಡೀವಾಗೆಲ್ಲ ಆ ನೀರಗಂಟಿನೇ ನೆನಪಾಗ್ತಾನೆ, ಹೊಟ್ಟೆ ಒಂಥರ ಆಗತ್ತೆ.

ಕೋಡಿ ಹತ್ರ, ತೂಬಿನ ಹತ್ರ ದಯವಿಟ್ಟು ನೀರಿಗ್ ಇಳಿಬೇಡಿ, ಕಲ್ಲು ಪಾಚಿ ಕಟ್ಟಿ ಜಾರತ್ತೆ. ತಿಂಡಿ, ಕುಡಿಯೋ ನೀರು ಊರಲ್ಲೇ ತಗೊಂಡ್ ಹೋಗಿ, ಕವರ್ ಬಾಟಲ್ ವಾಪಸ್ ತನ್ನಿ, ಆ ನೀರು ಕೆಳಗಿನವ್ರ ಗದ್ದೆ ತೋಟಕ್ಕೆ ಹೋಗೋದು.

ವಾಪಸ್ ಬರ್ತಾ ಸಕ್ರೆಪಟ್ಣದಲ್ಲಿ ರಂಗನಾಥಸ್ವಾಮಿ ದೇವಸ್ಥಾನಕ್ಕೆ ಕೈ ಮುಗೀರಿ. ಮಧ್ಯಾಹ್ನದ ಮೇಲೆ ಸ್ವಂತ ಗಾಡಿ ಇದ್ರೆ ಹಳೇಬೀಡಿನ ಹತ್ರದ ಬೆಳವಾಡಿಗೆ ಹೋಗ್ಲೇಬೇಕು. ವೀರನಾರಾಯಣ, ವೇಣುಗೋಪಾಲ, ಯೋಗನರಸಿಂಹ ಮೂರು ಗರ್ಭಗುಡಿ ಇರೋ ಹೊಯ್ಸಳರ ತ್ರಿಕೂಟ, ಬಾಗಿಲಲ್ಲೇ ಎರಡು ಕಲ್ಲಾನೆ. ಒಳಗಿನ ಕಂಬಗಳು ಎಷ್ಟು ನುಣುಪು ಅಂದ್ರೆ ಹತ್ರ ನಿಂತ್ರೆ ನಿಮ್ಮ ನೆರಳು ಅದ್ರಲ್ಲಿ ಕಾಣತ್ತೆ. ವೇಣುಗೋಪಾಲನ ಮುಂದೆ ಆರಾಮಾಗಿ ಕೂತ್ಕೊಳ್ಳಿ, ಹಳೇಬೀಡಿನಷ್ಟು ನೂಕುನುಗ್ಗಲು ಇಲ್ಲಿಲ್ಲ. ಬಸ್ಸಲ್ಲಿ ಬರೋರು ಮಾತ್ರ ಇಳಿದ ತಕ್ಷಣ ವಾಪಸ್ ಬಸ್ ಎಷ್ಟೊತ್ತಿಗೆ ಅಂತ ಅಂಗಡಿಯವ್ರನ್ನ ಕೇಳ್ಕೊಂಡೇ ಗುಡಿ ಒಳಗ್ ಹೋಗಿ.